ಹೊಗಳುಭಟ್ಟನ ಮಡಕೆಗಳು

"ಬುದ್ಧಿ, ವಕೀಲಿ ಸುಳ್ಳೆನಿಸಿ ಮಠಕ್ಕೆ ಬಂದೆ. ಈಗ ಇದೂ ಹಾಗೇ ಅನಿಸುತ್ತಿದೆ. ನನ್ನದೇ ಆದ ಕೆಲಸ ಯಾವುದೆಂದು ತಿಳಿಯುವುದು ಹೇಗೆ?" ಎಂದು ನಿರ್ವಾಣಪ್ಪ ಮಠದ ಗುರುಗಳನ್ನು ಕೇಳಿದ.

ಅವನು ಆಗಷ್ಟೇ ಪ್ರವಚನ ಮುಗಿಸಿ ಬಂದಿದ್ದ. ಜನ ತಲೆದೂಗಿ ಎದ್ದುಹೋಗಿದ್ದರು. ಹೇಳಿದವನಿಗೆ ಮಾತ್ರ ಒಂದು ಮಾತೂ ಒಳಗೆ ಇಳಿದಿರಲಿಲ್ಲ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಅರಸನ ಬಳಿ ಒಬ್ಬ ಹೊಗಳುಭಟ್ಟನಿದ್ದ. ಅರಸ ಹಾಸಿಗೆ ಬಿಟ್ಟೇಳುವಾಗ ಹೊಗಳಬೇಕು, ಊಟಕ್ಕೆ ಕೂತಾಗ ಹೊಗಳಬೇಕು, ಸಭೆಗೆ ಬಂದಾಗ ಹೊಗಳಬೇಕು. ತಂದೆಯಿಂದ ಬಂದ ಕೆಲಸ. ಕಂಠ ಚೆನ್ನಾಗಿತ್ತು, ಮಾತು ತಾನಾಗಿ ಬರುತ್ತಿತ್ತು. ನಡುವಯಸ್ಸಿಗೆ ಬರುವ ಹೊತ್ತಿಗೆ ಅವನಿಗೆ ಸುಸ್ತಾಗತೊಡಗಿತು. ಮನೆಗೆ ಬಂದರೆ ಹೆಂಡತಿಯೊಡನೆ ಮಾತಾಡುವುದೂ ಬೇಡವಾಗುತ್ತಿತ್ತು.

ಒಮ್ಮೆ ಅರಸ ಯುದ್ಧದಲ್ಲಿ ಸೋತು ಮರಳಿದ. ಹೊಗಳುಭಟ್ಟ ಕೋಟೆ ಬಾಗಿಲಲ್ಲಿ ನಿಂತು ಎಂದಿನಂತೆ ವಿಜಯವನ್ನೇ ಹಾಡಿದ. ಅರಸನ ಆನೆಯ ಹಿಂದೆ ಗಾಯಾಳುಗಳನ್ನು ಹೊತ್ತು ತರುತ್ತಿದ್ದರು. ಕಾಲು ಕಳೆದುಕೊಂಡ ಒಬ್ಬ ಸಿಪಾಯಿ ಮಲಗಿದ್ದಲ್ಲಿಂದಲೇ ಅವನ ಮುಖ ನೋಡಿದ. ಹೊಗಳುಭಟ್ಟನೂ ನೋಡಿದ. ಆದರೂ ಹಾಡು ತಡವರಿಸಲಿಲ್ಲ, ಒಂದಕ್ಷರ ತಪ್ಪದೆ ಕೊನೆ ಮುಟ್ಟಿತು. ಅದಕ್ಕೇ ಅವನು ಹೆದರಿದ.

ಮರುದಿನ ಅರಮನೆಗೆ ಹೋಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು ದೂರದ ಊರು ಸೇರಿ, ಒಬ್ಬ ಕುಂಬಾರನ ಬಳಿ ಕೆಲಸ ಕಲಿಯಲು ನಿಂತ. ಮಣ್ಣಿಗೆ ಹೊಗಳಿಕೆ ಬೇಕಿಲ್ಲ, ಇಲ್ಲಿ ಸುಳ್ಳಾಡುವ ಪ್ರಮೇಯವೇ ಬರದು ಎಂದುಕೊಂಡ. ಕೈ ಪಳಗಲಿಲ್ಲ. ಒಂದು ಮಡಕೆಯ ಬಾಯಿ ಸೊಟ್ಟ, ಇನ್ನೊಂದರ ತಳ ತೆಳು. ಕುಂಬಾರ ತಾಳ್ಮೆಯವ, ಬೈಯಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಹೊಗಳುಭಟ್ಟ ತಾನು ಸುಟ್ಟ ಮಡಕೆಗಳನ್ನು ಹೇರಿಕೊಂಡು ಅವನ ಜೊತೆಯಲ್ಲೇ ಸಂತೆಗೆ ಹೋದ.

ಗಿರಾಕಿ ಬಂದು ಮಡಕೆ ಮುಟ್ಟಿದ್ದೇ ತಡ, ನಾಲಿಗೆ ತಾನಾಗಿ ಹೊರಳಿತು. ಇದರ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಇದು ಬಿರುಕು ಬಿಡದು ಎಂದೆಲ್ಲ ಹೇಳಿದ. ಜನ ಮುತ್ತಿಕೊಂಡರು. ಸೊಟ್ಟ ಮಡಕೆಗಳು ಖಾಲಿಯಾದವು. ಕಲಿಸಿದ ಕುಂಬಾರನ ಒಳ್ಳೆಯ ಮಡಕೆಗಳು ಪಕ್ಕದಲ್ಲೇ ಉಳಿದವು. ಸಂತೆಯಿಂದ ಸಂತೆಗೆ ಹೀಗೇ ನಡೆಯಿತು. ಮನೆಗೆ ಬಂದರೆ ಅದೇ ಹಳೆಯ ಸುಸ್ತು. ಇದನ್ನೂ ಬಿಟ್ಟು ಬೇರೆ ಏನಾದರೂ ಹಿಡಿಯೋಣ ಎಂದು ಹೆಂಡತಿಗೆ ಹೇಳಿದ. ಮತ್ತೆ ಗಂಟುಮೂಟೆ ಕಟ್ಟುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಒಂದು ದಿನ ಸಂತೆಗೆ ಒಬ್ಬ ಮುದುಕಿ ಬರಿಗೈಯಲ್ಲಿ ಬಂದಳು. ಅವನಿಂದ ಕೊಂಡ ಮಡಕೆ, ನೀರು ತರುವ ದಾರಿಯಲ್ಲೇ ತಳ ಕಳಚಿ ಬಿದ್ದಿತ್ತಂತೆ. ಮನೆಯಲ್ಲಿ ಜ್ವರದಿಂದ ಮಲಗಿದ್ದ ಮಗಳು ನೀರು ಕೇಳಿ ಕೇಳಿ ಸೋತು ಬಾಯಾರಿಕೆಯಲ್ಲೇ ನಿದ್ದೆಹೋಗಿದ್ದಳಂತೆ. ಮುದುಕಿ ಜಗಳಕ್ಕೆ ಬಂದಿರಲಿಲ್ಲ.

"ನೀನು ಗಟ್ಟಿ ಅಂದೆ, ನಾನು ನಂಬಿದೆ," ಎಂದಳು. "ಈಗ ಇನ್ನೊಂದು ಕೊಡು. ಯಾವುದು ಗಟ್ಟಿ, ನೀನೇ ಹೇಳು."

ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನು ಬಾಯಿ ತೆರೆಯಲಿಲ್ಲ. ಮಡಕೆಗಳನ್ನು ಒಂದೊಂದಾಗಿ ಎತ್ತಿ, ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದ. ಬಹಳ ಹೊತ್ತು ಹಿಡಿಯಿತು. ಮುದುಕಿ ಕಾದಳು.

"ನನ್ನ ಹತ್ತಿರ ಇಲ್ಲವ್ವ. ಅವನ ಹತ್ತಿರ ತಗೊ," ಎಂದು ಪಕ್ಕದ ಕುಂಬಾರನನ್ನು ತೋರಿಸಿದ.

ಅವತ್ತು ಅವನ ಒಂದು ಮಡಕೆಯೂ ಹೋಗಲಿಲ್ಲ. ಆಮೇಲೂ ವ್ಯಾಪಾರ ಹೆಚ್ಚೇನೂ ಆಗಲಿಲ್ಲ. ಕಾಳು ತುಂಬಿಡಲು ಆದೀತು, ನೀರಿಗೆ ಬೇಡ ಎಂದು ಅವನೇ ಹೇಳಿ ಅಗ್ಗಕ್ಕೆ ಕೊಡುತ್ತಿದ್ದ. ಆದರೆ ಯಾರ ಮಡಕೆ ಕೊಳ್ಳುವವರೂ ಮೊದಲು ಅವನನ್ನು ಕೇಳಿ ಮುಂದೆ ಹೋಗುತ್ತಿದ್ದರು. ಬರಬರುತ್ತ, ಅಣ್ಣತಮ್ಮಂದಿರು ಜಗಳವಾಡಿಕೊಂಡರೂ ನ್ಯಾಯ ಕೇಳಲು ಅವನ ಮುಂದೆ ಬಂದು ಕೂರುವಂತಾಯಿತು.

ಗುರುಗಳು ನಿಲ್ಲಿಸಿದರು. ನಿರ್ವಾಣಪ್ಪ, ಹಾಗಾದರೆ ಕುಂಬಾರಿಕೆಯೇ ಅವನ ನಿಜವಾದ ಕೆಲಸವಾಗಿತ್ತೇ ಎಂದು ಕೇಳಿದ.

"ಮಡಕೆ ಮಾಡುವುದು ಅವನಿಗೆ ಕೊನೆಗೂ ಬರಲಿಲ್ಲ, ನಿರ್ವಾಣಪ್ಪ, ಮುದುಕಿ ಬಂದ ದಿನ ಮಾತಾಡುವುದು ಬಂತು," ಎಂದರು ಗುರುಗಳು.