ಎಮ್ಮೆಗೆ ಮೀನಿನ ಕೊಸರು

ಹುಲ್ಲು ತಿನ್ನುವ ಎಮ್ಮೆಗೆ ಮೀನಿನ ಆಸೆ ಹುಟ್ಟಿಸಿ ನರಿ ಅನ್ಯಾಯ ಮಾಡಲು ನೋಡಿತು.

ಸಂತೆಯಲ್ಲಿ ನರಿಯೂ ಆಮೆಯೂ ಕ್ರೆಡಿಟ್ ಕಾರ್ಡು ಕೊಡುತ್ತಿದ್ದವು. ಎರಡಕ್ಕೂ ವರ್ಷದ ಶುಲ್ಕವಿಲ್ಲ. ಈಗ ಕೊಂಡು ಅಮಾವಾಸ್ಯೆಗೆ ಹಣ ಕಟ್ಟಬೇಕು. ಕೊಂಡದ್ದರಲ್ಲಿ ಒಂದಿಷ್ಟು ಹಣ ಕೊಸರಿನ ಹಾಗೆ ವಾಪಸ್ ಬರುತ್ತದೆ.

“ಮೀನು ಕೊಂಡರೆ ನೂರಕ್ಕೆ ಹತ್ತು ವಾಪಸ್!” ಎಂದು ನರಿ ಕೂಗಿತು.

“ಏನೇ ಕೊಂಡರೂ ನೂರಕ್ಕೆ ಎರಡು,” ಎಂದಿತು ಆಮೆ.

ಎಮ್ಮೆ ನರಿಯ ಕಡೆಗೇ ಓಡಿತು. ಅದರ ಬೆನ್ನ ಮೇಲಿದ್ದ ಬೆಳ್ಳಕ್ಕಿ ಕೇಳಿತು: “ಎಲ್ಲಿಗಕ್ಕಾ?”

“ಹತ್ತೆಲ್ಲಿ, ಎರಡೆಲ್ಲಿ! ಒಂದು ಬುಟ್ಟಿ ಮೀನು ತಗೋತೀನಿ.”

“ಅಮಾವಾಸ್ಯೆಗೆ ಕಟ್ಟೋಕೆ ನಿನ್ನ ಹತ್ರ ಇರೋದೇ ಒಂದು ಬುಟ್ಟಿಯ ದುಡ್ಡು. ನಿನ್ನ ಕರು ಹಸಿದು ನಿಂತಿದೆ. ಅದು ಮೀನು ತಿನ್ನುತ್ತಾ?”

ನರಿ ರೇಗಿತು. “ಏ ಬಡಕಲಿ, ಮೀನು ಬಂದರೆ ಹಬ್ಬ ನಿನಗೇ ತಾನೇ? ಬಾಯಿ ಮುಚ್ಚು.”

“ಹೌದು, ಹಬ್ಬ ನನಗೇ. ಉಪವಾಸ ಕರುವಿಗೆ. ಅದಕ್ಕೇ ಹೇಳ್ತಿದೀನಿ,” ಎಂದಿತು ಬೆಳ್ಳಕ್ಕಿ.

ಎಮ್ಮೆ ನಿಂತಿತು. ತಿರುಗಿ ಹೋಗಿ ಆಮೆಯ ಕಾರ್ಡಿನಲ್ಲಿ ಹುಲ್ಲು ಕೊಂಡಿತು. ಕರು ಗಬಗಬನೆ ತಿನ್ನುವುದನ್ನು ನೋಡಿ ಎಮ್ಮೆಯ ಕಣ್ಣು ತುಂಬಿ ಬಂತು.

“ತಂಗೀ, ನಿನ್ನ ಬಾಯಿಗೆ ಬರುತ್ತಿದ್ದುದನ್ನು ಬಿಟ್ಟು ನನ್ನ ಮಗುವಿನ ಹೊಟ್ಟೆ ತುಂಬಿಸಿದೆ. ನಾನು ಬದುಕಿರುವ ತನಕ ಈ ಬೆನ್ನು ನಿನ್ನದು.”

ಓದುವವರೇ, ಕಾರ್ಡಿಗೆ ಸಹಿ ಹಾಕುವ ಮುಂಚೆ ನಿಮ್ಮ ಮನೆಯ ಒಲೆಯ ಮೇಲೆ ದಿನವೂ ಏನು ಬೇಯುತ್ತದೆ ಎಂದು ನೋಡಿ. ತಮ್ಮ ಲಾಭ ಬಿಟ್ಟು ನಿಮ್ಮನ್ನು ತಡೆದವರು ಯಾರಾದರೂ ಇದ್ದರೆ, ಇವತ್ತೇ ಹೋಗಿ ಅವರಿಗೆ ಕೈಮುಗಿಯಿರಿ.