ಉಪ್ಪು ಕೇಳಿ ತಿಂದವನು

ಹೊಳಲುದುರ್ಗದ ದಳವಾಯಿ ದೇವರಸಯ್ಯನಿಗೆ ಕಾನೂನೆಂದರೆ ಪ್ರಾಣ. ಅದರಲ್ಲೂ ಬೇರೆಯವರ ಮೇಲೆ ಹೇರುವ ಕಾನೂನೆಂದರೆ.

ಆ ದುರ್ಗದಲ್ಲಿ ದಂಡಿಗೆ ಸೇರುವವನು ಅರಸನ ಮುಂದೆ ಕೈಯೊಡ್ಡಿ "ಉಪ್ಪು ಕೊಡಿ" ಅನ್ನಬೇಕು. ಅರಸ ಒಂದು ಚಿಟಿಕೆ ಹಾಕಬೇಕು. ಅದನ್ನು ನಾಲಿಗೆಗೆ ಇಟ್ಟುಕೊಂಡರೆ ಮುಗಿಯಿತು, ಅವನು ಸಾಯುವವರೆಗೂ ದಂಡಾಳು. ಸತ್ತರೆ ಕೋಟೆಯ ಮುಂದಿನ ತೋಪಿನಲ್ಲಿ ಅವನಿಗೊಂದು ವೀರಗಲ್ಲು.

ಒಂದು ದಿನ ಕರಡಿಬೆಟ್ಟದಿಂದ ಕೇತಮ್ಮ ಎಂಬ ಮುದುಕಿ ಸಭೆಗೆ ಬಂದಳು. ಹಿಂದೆ ಶತ್ರುಗಳು ದುರ್ಗವನ್ನು ಹಿಡಿದಾಗ ಅರಸ ವೀರಮಲ್ಲನ ಪರವಾಗಿ ಬಿಲ್ಲು ಹಿಡಿದು ಕಾದಿದವರು ಬೆಟ್ಟದ ಜನ. ಕೇತಮ್ಮನ ಗಂಡ ಜಡೆಮಾದ ಆ ಕಾಳಗದಲ್ಲೇ ಸತ್ತಿದ್ದ.

"ಬುದ್ಧಿ, ನನ್ನ ಗಂಡನಿಗೆ ತೋಪಲ್ಲಿ ಒಂದು ಕಲ್ಲು ನಿಲ್ಸಿಕೊಡಿ. ಬದುಕಿರೋ ನಮ್ಮೋರನ್ನ ದಂಡಾಳು ಅಂತ ಕರೀರಿ. ಅಷ್ಟೇ ಕೇಳೋದು."

ಅರಸ ಬಾಯಿ ತೆರೆಯುವ ಮೊದಲೇ ದಳವಾಯಿ ಕೇಳಿದ: "ಅವರು ಉಪ್ಪು ತಿಂದಿದ್ದಾರೋ?"

"ಆಗ ಕೋಟೆ ಉಪ್ಪೆಲ್ಲಾ ಶತ್ರುಗಳ ಕೈಲಿತ್ತು. ನಮಗೆ ಕೊಡೋರು ಯಾರು ಬುದ್ಧಿ?"

"ಅದು ಕಾನೂನಿಗೆ ಸಂಬಂಧಪಟ್ಟಿದ್ದಲ್ಲ. ಉಪ್ಪು ತಿನ್ನದವನು ದಂಡಾಳಲ್ಲ. ಏನೋ ಸಹಾಯ ಮಾಡಿದರು, ಸಂತೋಷ. ಒಂದು ಬುಟ್ಟಿ ಬಾಳೆಹಣ್ಣು ಕೊಟ್ಟು ಕಳಿಸೋಣ."

ಅರಸ ಕೆಟ್ಟವನಲ್ಲ. ಆದರೆ ದಳವಾಯಿಯ ಜೊತೆ ವಾದಕ್ಕಿಳಿದರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಹಣ್ಣು ತರಲು ಕೈಸನ್ನೆ ಮಾಡಿದ.

ಆಸ್ಥಾನದ ವಿದೂಷಕ ಸಿಂಗಣ್ಣಯ್ಯನಿಗೆ ಇದು ಸರಿಬರಲಿಲ್ಲ. ಗಂಡನನ್ನು ಕೊಟ್ಟವಳಿಗೆ ಬಾಳೆಹಣ್ಣೇ? ಹೊರಗೆ ಬಂದು ನೋಡಿದರೆ ಕೇತಮ್ಮ ಕೋಟೆ ಬಾಗಿಲಲ್ಲಿ ಕೂತಿದ್ದಳು. ಹಣ್ಣಿನ ಬುಟ್ಟಿಯನ್ನು ಮುಟ್ಟಿಯೂ ಇರಲಿಲ್ಲ.

"ಕೇತವ್ವ, ಆಗ ಅರಸರು ಅಡಗಿದ್ದದ್ದು ನಿನ್ನ ಗುಡಿಸಲಲ್ಲೇ ಅಂತಾರಲ್ಲ, ಹೌದಾ?"

"ಮಳೆಗಾಲ ಪೂರ್ತಿ ಇದ್ರು."

"ಊಟಕ್ಕೆ ಏನು ಕೊಡ್ತಿದ್ದೆ?"

ಮುದುಕಿ ಹೇಳಿದಳು. ಕೇಳುತ್ತಾ ಕೇಳುತ್ತಾ ಸಿಂಗಣ್ಣಯ್ಯನ ಮುಖ ಅರಳಿತು. "ನಾಳೆ ಸಭೆಗೆ ಬಂದು ಇದನ್ನೇ ಹೇಳು. ಹೆಸರು ಮಾತ್ರ ಕೊನೆಗೆ," ಎಂದ.

ಮರುದಿನ ಅವನು ಸಭೆಯಲ್ಲಿ ಎದ್ದು ನಿಂತ.

"ದಳವಾಯಿಗಳೇ, ನನಗೊಂದು ಸಂದೇಹ. ಒಬ್ಬ ಕೈಯೊಡ್ಡಿ, ಬಾಯಿಬಿಟ್ಟು ಕೇಳಿ ಉಪ್ಪು ತಿಂದ. ಆಮೇಲೆ ಕೊಟ್ಟವರನ್ನು ಬಿಟ್ಟು ಬೇರೆ ಕಡೆ ಹಾಯಾಗಿದ್ದಾನೆ. ಅವನು ಯಾರ ದಂಡಾಳು?"

"ಉಪ್ಪು ಕೊಟ್ಟವರ ದಂಡಾಳು. ಇದರಲ್ಲಿ ಸಂದೇಹ ಏನು ಬಂತು?"

"ಅವನು ದೊಡ್ಡ ಮನುಷ್ಯನಾಗಿದ್ದರೆ?"

"ಕಾನೂನಿಗೆ ದೊಡ್ಡವನು, ಚಿಕ್ಕವನು ಅಂತ ಇಲ್ಲ. ಕಿವಿ ಹಿಡಿದು ಎಳೆತಂದು ಒಪ್ಪಿಸಬೇಕು. ನಾನೇ ಎಳೀತೀನಿ!"

ಸಿಂಗಣ್ಣಯ್ಯ ಕೇತಮ್ಮನನ್ನು ಮುಂದಕ್ಕೆ ಕರೆದ.

"ನಮ್ಮ ದಂಡಾಳು ಒಬ್ಬ ಈ ಅರಮನೇಲಿ ಸೇರ್ಕೊಂಡವನೆ ಬುದ್ಧಿ," ಎಂದಳು ಅವಳು. "ಮಳೇಲಿ ನೆನೆದು ಬಂದ. ಗಂಜಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿದ. ಕೈ ಚಾಚಿ, ‘ಅವ್ವ, ಉಪ್ಪು ಕೊಡಿ’ ಅಂದ. ಜೇನು ಕೊಟ್ಟು ತಂದಿದ್ದ ಉಪ್ಪು ಒಂಚೂರಿತ್ತು. ಹಾಕ್ದೆ. ಆಮೇಲೆ ದಿನಾ ಕೇಳ್ದ."

"ದಿನಾ!" ದಳವಾಯಿ ಗುಡುಗಿದ. "ಅಂದರೆ ದಿನಾ ದಂಡಿಗೆ ಸೇರಿದ ಹಾಗಾಯಿತು! ಎಲ್ಲಿ ಆ ಉಪ್ಪುಗಳ್ಳ? ತೋರಿಸು!"

ಕೇತಮ್ಮ ಕೈ ತೋರಿಸಿದಳು. ದಳವಾಯಿ ತಿರುಗಿ ನೋಡಿದ. ಅಲ್ಲಿ ಸಿಂಹಾಸನವಿತ್ತು. ಅದರ ಮೇಲೆ ಕುಳಿತವನು ಬಹಳ ಆಸಕ್ತಿಯಿಂದ ಚಾವಣಿಯನ್ನು ನೋಡುತ್ತಿದ್ದ.

"ಯಾವ ಕಿವಿ ಹಿಡೀತೀರಿ ದಳವಾಯಿಗಳೇ?" ಸಿಂಗಣ್ಣಯ್ಯ ವಿನಯದಿಂದ ಕೇಳಿದ. "ಎಡದ್ದೋ, ಬಲದ್ದೋ?"

ದಳವಾಯಿ ಎರಡು ಹೆಜ್ಜೆ ಹಿಂದೆ ಸರಿದ. "ಹಾಗಾದರೆ... ಪ್ರಭುಗಳ ಉಪ್ಪು ತಿಂದ ನಾವೆಲ್ಲ?"

"ಆಳಿನ ಕೈಕೆಳಗಿನ ಆಳುಗಳು. ಬೆಟ್ಟದವರು ನಮ್ಮ ದಂಡಿನವರಲ್ಲ ಅಂತ ನಿನ್ನೆ ನೀವು ಹೇಳಿದ್ದು ಸರಿಯಾಗೇ ಇದೆ. ನಾವೇ ಅವರ ದಂಡಿನವರು."

ಅರಸ ಮೊದಲು ಕೆಮ್ಮಿದ. ಆಮೇಲೆ ತಡೆಯಲಾಗದೆ ನಕ್ಕ. ನಗು ನಿಂತಾಗ ಅವನ ಮುಖದಲ್ಲಿ ನಾಚಿಕೆಯಿತ್ತು. ಸಿಂಹಾಸನದಿಂದ ಇಳಿದು ಮುದುಕಿಯ ಮುಂದೆ ನಿಂತ.

"ಮರೆತಿದ್ದೆ ಅವ್ವ, ತಪ್ಪಾಯ್ತು. ನಿನ್ನ ಆಳಿಗೆ ಏನಪ್ಪಣೆ?"

"ನಿನ್ನೆ ಹೇಳಿದ್ದೇ," ಎಂದಳು ಕೇತಮ್ಮ.

ಬೆಟ್ಟದಲ್ಲಿ ಕಾದಾಡಿದವರೆಲ್ಲ ದಂಡಾಳುಗಳೆಂದು ಡಂಗುರ ಸಾರಿಸಲಾಯಿತು. ನರೆತ ತಲೆಯ ಬಿಲ್ಲುಗಾರರು ಬೆಟ್ಟ ಇಳಿದು ಬಂದು ಕೈಯೊಡ್ಡಿದರು. ಅರಸ ಚಿಟಿಕೆ ಚಿಟಿಕೆಯಾಗಿ ಉಪ್ಪು ಹಾಕುತ್ತಾ ಹೋದ. ಉಪ್ಪಿನ ಬುಟ್ಟಿ ಹೊತ್ತು ಅವನ ಹಿಂದೆ ನಡೆದವನು ದಳವಾಯಿ. ಸಿಂಗಣ್ಣಯ್ಯನಿಗೆ ಬಹುಮಾನವಾಗಿ ಕೇತಮ್ಮ ಮುಟ್ಟದ ಬಾಳೆಹಣ್ಣಿನ ಬುಟ್ಟಿಯೇ ಸಿಕ್ಕಿತು.

ಕಲ್ಲುಕುಟಿಗರ ಕೆಲಸ ಮುಗಿದ ದಿನ ತೋಪಿನಲ್ಲಿ ಜಡೆಮಾದನ ಕಲ್ಲು ನಿಂತಿತು. ಅವನಿಗೆ ಒಡ್ಡಲು ಕೈಯಿಲ್ಲವಲ್ಲ. ಅರಸ ಬಗ್ಗಿ ಕಲ್ಲಿನ ಬುಡದಲ್ಲಿ ಒಂದು ಚಿಟಿಕೆ ಉಪ್ಪಿಟ್ಟ.

ಕೇತಮ್ಮ ನೋಡಿದಳು. "ಇನ್ನೊಂದು ಚಿಟಿಕೆ ಹಾಕಪ್ಪ," ಎಂದಳು. "ಆ ಮಳೆಗಾಲ ನೀನು ತಿಂದದ್ದು ಅವನ ಪಾಲಿನ ಉಪ್ಪು."