ಸರಪಳಿಯ ಇನ್ನೊಂದು ತುದಿ

ಹೊಸ ಮನೆ ಕಟ್ಟಿಸಿದ ಚನ್ನವೀರಪ್ಪನಿಗೆ ಗೇಟಿನ ಬಳಿ ರಾಟ್‌ವೀಲರ್ ನಾಯಿಯೊಂದು ಇದ್ದರೇ ಗತ್ತು ಎನಿಸಿತು. ನಾಯಿಗಿಂತ ಮೊದಲು ದಪ್ಪನೆಯ ಸರಪಳಿ ಕೊಂಡು, ಅದನ್ನು ಹೆಗಲಿಗೆ ಹಾಕಿಕೊಂಡೇ ಮರಿ ತರಲು ಹೊರಟ.

ನಾಯಿ ಸಾಕುವವನ ಅಂಗಳದಲ್ಲಿ ತಾಯಿನಾಯಿ ಅವನನ್ನು ಬಿಟ್ಟು ಸರಪಳಿಯನ್ನೇ ಮಾತಾಡಿಸಿತು.

“ನನ್ನ ಮರಿಯನ್ನು ದಿನಾ ಓಡಾಡಿಸುವವರು ಯಾರು?”

“ಯಾರೂ ಇಲ್ಲ. ಧಣಿ ಏಳುವುದೇ ಬಿಸಿಲೇರಿದ ಮೇಲೆ.”

“ನೆಂಟರು ಯಾರು, ಕಳ್ಳರು ಯಾರು ಎಂದು ಕಲಿಸುವವರು?”

“ನಾಯಿಗೆ ಬೊಗಳುವುದನ್ನೂ ಕಲಿಸಬೇಕೇ ಎನ್ನುತ್ತಾರೆ ಧಣಿ.”

“ನಿನ್ನ ಒಂದು ತುದಿ ಮರಿಯ ಕತ್ತಿಗೆ. ಇನ್ನೊಂದು ಯಾರ ಕೈಗೆ?”

“ಗೇಟಿನ ಕಂಬಕ್ಕೆ,” ಎಂದು ಸರಪಳಿ ಮೆಲ್ಲಗೆ ಹೇಳಿತು.

“ಕಂಬ ನಾಯಿ ಸಾಕೀತೇ? ಅಯ್ಯಾ, ಒಮ್ಮೆ ನೀವೇ ಹಿಡಿದು ನೋಡಿ,” ಎಂದಿತು ತಾಯಿನಾಯಿ, ಚನ್ನವೀರಪ್ಪನತ್ತ ತಿರುಗಿ.

ಚನ್ನವೀರಪ್ಪ ಮರಿಗೆ ಸರಪಳಿ ಹಾಕಿ ಹಿಡಿದ. ಅಷ್ಟರಲ್ಲಿ ಅಂಗಳಕ್ಕೊಂದು ಕಾಗೆ ಇಳಿಯಿತು. ಮರಿ ಜಿಗಿಯಿತು. ಚಪ್ಪಲಿ ಒಂದು ಕಡೆ, ಚನ್ನವೀರಪ್ಪ ಇನ್ನೊಂದು ಕಡೆ.

“ಶಿವಶಿವಾ! ಹಾಲುಹಲ್ಲಿನ ಮರಿಯೇ ಹೀಗೆ ಎಳೆದರೆ ಬೆಳೆದ ಮೇಲೆ ನನ್ನ ಗತಿ ಏನು?” ಎಂದು ಅವನು ಮಂಡಿಯ ಮಣ್ಣು ಕೊಡವಿಕೊಂಡ. “ತಾಯೀ, ನಿನ್ನ ಮರಿ ನಿನ್ನ ಹತ್ತಿರವೇ ಇರಲಿ. ಇದನ್ನು ನಡೆಸುವ ಪುರುಸೊತ್ತು, ತಡೆಯುವ ಕೈ ನನಗೆ ಬಂದ ದಿನ ಬರುತ್ತೇನೆ.”

ತಾಯಿನಾಯಿ ಉಸಿರು ಬಿಟ್ಟು ಮರಿಯ ಕಿವಿ ನೆಕ್ಕಿತು.

ಸಂಜೆ ಅವನು ಅದೇ ಸರಪಳಿಯಿಂದ ಗೇಟನ್ನು ಕಂಬಕ್ಕೆ ಬಿಗಿದ.

“ಸದ್ಯ, ಬದುಕಿದೆ,” ಎಂದಿತು ಸರಪಳಿ ಕಂಬದೊಂದಿಗೆ. “ನಮ್ಮಿಬ್ಬರ ನಡುವೆ ಈಗ ಯಾರ ಕತ್ತೂ ಇಲ್ಲ.”